ಪೇರಿಸಿದ ಕೈಯಿಂದಲೇ ಕಲ್ಲು ಇಳಿಸುವ ಊಲೀಪೀಕಾ

ಬೆಳಗಿನ ಜಾವ ಎನ್ನೋಣವೆಂದರೆ ರಾತ್ರಿಯೇ ಸರಿಯಾಗಿ ಆಗಿಲ್ಲ. ಉತ್ತರ ಧ್ರುವದ ಹತ್ತಿರದ ಬಾಫಿನ್ ದ್ವೀಪದ ಜುಲೈ ಇದು, ಕತ್ತಲೆಯೇ ಕವಿಯುವುದಿಲ್ಲ. ಊರು ಗೊರಕೆ ಹೊಡೆಯುತ್ತಿದೆ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ತುದಿಯಲ್ಲಿ, ರಾಷ್ಟ್ರೀಯ ಉದ್ಯಾನದ ದಾರಿ ಶುರುವಾಗುವ ಕಡೆ, ಊಲೀಪೀಕಾ ಮಂಡಿಯೂರಿ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಿದ್ದಾರೆ. ಗುಪ್ಪೆ ಎದೆಮಟ್ಟ ಬರುವಷ್ಟರಲ್ಲಿ ಬುಡದ ನೆಲ ಗಂಜಿಯಂತೆ ಜಾರುತ್ತದೆ.

“ನಿನ್ನೆ ಅಲ್ಲಿ ಬಿತ್ತು, ಇವತ್ತು ಇಲ್ಲಿ. ಸೋಮಾರಿ,” ಎಂದು ಕಲ್ಲಿಗೆ ಬೈಯುತ್ತಾರೆ.

ಈ ಉದ್ಯಾನಕ್ಕೆ ಬೇಲಿಯಿಲ್ಲ, ಬೆಂಚಿಲ್ಲ. ಹಿಮನದಿ, ಬಂಡೆ, ನೆಲಕ್ಕೆ ಅಂಟಿ ತೆವಳುವ ವಿಲೋ ಮರ, ಜೌಗಿನಲ್ಲಿ ಬಿಳಿ ತಲೆ ಆಡಿಸುತ್ತಿದ್ದ ಹತ್ತಿಹುಲ್ಲು. ಮಂಜು ಕವಿದರೆ ಚಾರಣಿಗರಿಗೆ ಈ ಗುಪ್ಪೆಗಳೇ ದಾರಿ. ಮೊದಲು ಕಟ್ಟಿದವರು ಊಲೀಪೀಕಾರ ತಂದೆ ಜೋವೀ. ಅವರು ತೀರಿಕೊಂಡ ಮೇಲೆ ಕೆಲಸ ಮಗಳದ್ದು. ಈಗ ನೆಲದೊಳಗಿನ ಹಳೆಯ ಮಂಜುಗಡ್ಡೆ ಕರಗಿ ಇಳಿಜಾರೇ ಕಳಚಿ ಹೊಳೆಗೆ ಬೀಳುತ್ತಿದೆ. ಹತ್ತಿಹುಲ್ಲಿನ ಜೌಗು ಹೋದ ವರ್ಷವೇ ಕುಸಿದು ಹೋಯಿತು. ಆ ಹುಲ್ಲಿನ ಹತ್ತಿಯಿಲ್ಲದೆ ಮನೆಯ ಸೀಲ್ ಪ್ರಾಣಿಯ ಎಣ್ಣೆಯ ದೀಪಕ್ಕೆ ಬತ್ತಿಯಿಲ್ಲ.

ಚಾರಣಿಗರನ್ನು ದೋಣಿಯಲ್ಲಿ ತರುವವನ ಹೆಸರೂ ಜೋವೀ. ಊಲೀಪೀಕಾರ ತಂಗಿಯ ಮಗ. ಅಜ್ಜ ತೀರಿದ ವರ್ಷ ಹುಟ್ಟಿದ್ದರಿಂದ ಅಜ್ಜನ ಹೆಸರು. ಹೆಸರಿನ ಜೊತೆ ಸಂಬಂಧವೂ ಬರುತ್ತದೆಂಬುದು ಇಲ್ಲಿನವರ ರೂಢಿ. ದೊಡ್ಡಮ್ಮ ಅವನನ್ನು ಅಪ್ಪ ಎನ್ನುತ್ತಾರೆ. ಅವನು ಬಾಯ್ತುಂಬ ಒಣಮೀನು ಇಟ್ಟುಕೊಂಡು ಮಗಳೇ ಎನ್ನುತ್ತಾನೆ. ಅವನ ಮಾತು ಮೀರುವಂತಿಲ್ಲ.

“ಚಾ ಆರ್ತಿದೆ, ಮಗಳೇ,” ಎಂದು ದಡದ ದೋಣಿಯ ಬಳಿಯಿಂದ ಕೂಗುತ್ತಾನೆ.

“ನೀನೇ ಕುಡಿದು ಮುಗಿಸ್ಬೇಡ ಅಪ್ಪ. ಚಿಕ್ಕಂದಿನಲ್ಲಿ ನಿನ್ನ ಅಂಡು ತೊಳೆದವಳು ನಾನು.”

“ಅದಕ್ಕೂ ಮುಂಚೆ ನಿಂದು ನಾನು ತೊಳೆದಿದ್ದೆ!”

ಅವನ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೊನ್ನೆ ಮಂಜಿನಲ್ಲಿ ಇಬ್ಬರು ಚಾರಣಿಗರು ಗುಪ್ಪೆ ನಂಬಿ ನಡೆದರು. ಗುಪ್ಪೆ ನೆಟ್ಟಗೇ ನಿಂತಿತ್ತು. ಆದರೆ ಜಾರಿದ ನೆಲದ ಜೊತೆ ಹೊಳೆಯಂಚಿಗೆ ಬಂದಿತ್ತು. ಸೊಂಟದವರೆಗೆ ಕೆಸರಲ್ಲಿ ಹೂತವರನ್ನು ಎಳೆದು ತೆಗೆದದ್ದು ಜೋವೀ.

“ಇನ್ನು ಯಾರನ್ನೂ ಇಲ್ಲಿಗೆ ಕರ್ಕೊಂಡು ಬರಲ್ಲ. ಸಾಕು ಮಾಡು ಮಗಳೇ. ಎಲ್ಲಾನೂ ಕೆಡವು.”

ಬೇರೆ ಯಾರು ಹೇಳಿದ್ದರೂ ಜಗಳವಾಗುತ್ತಿತ್ತು. ಊಲೀಪೀಕಾ ಕೈಯಲ್ಲಿದ್ದ ಕಲ್ಲನ್ನು ಕೆಳಗಿಡುತ್ತಾರೆ.

“ದಾರಿ ಹಾಕಿದ್ದೂ ಅಪ್ಪನೇ, ಮುಚ್ಚು ಅಂದಿದ್ದೂ ಅಪ್ಪನೇ. ನಾನು ಯಾರ ಹತ್ರ ಹೋಗಿ ಅಳಲಿ?”

ಆಮೇಲೆ ಮೇಲೆ ಹತ್ತಿ, ಇನ್ನೂ ಗಟ್ಟಿಯಾಗಿರುವ ಮೊದಲ ಗುಪ್ಪೆಯ ತಲೆಗಲ್ಲನ್ನು ಇಳಿಸುತ್ತಾರೆ. ಎಸೆಯುವುದಿಲ್ಲ, ಯಾರೂ ಎತ್ತಿಯೇ ಇರಲಿಲ್ಲ ಎಂಬಂತೆ, ಕಲ್ಲುಹೂವಿನ ಬದಿ ಮೇಲೆ ಮಾಡಿ ನೆಲಕ್ಕೆ ಕೂರಿಸುತ್ತಾರೆ. ಹಿಮ ಬೀಳುವುದರೊಳಗೆ ಎಲ್ಲವನ್ನೂ ಹೀಗೆ ಇಳಿಸಿ ಮುಗಿಸಬೇಕು ಎಂಬುದೊಂದೇ ಆಸೆ.

“ಸುಳ್ಳು ಹೇಳೋ ಕಲ್ಲು ಒಂದೂ ನಿಂತಿರಬಾರದು,” ಎನ್ನುತ್ತಾರೆ. “ಇಳಿಸೋದೂ ನಾನೇ. ಬೇರೆಯವರಾದ್ರೆ ಒದ್ದು ಬೀಳಿಸ್ತಾರೆ.”