ಅಜ್ಜಿ ಎಡ, ಅಜ್ಜಿ ಬಲ

ಬೀದಿಯವರು ಆಕೆಗೆ ಇಟ್ಟ ಹೆಸರು ಮೈಕಮ್ಮ. ಬೆನ್ನ ಹಿಂದೆ ಕರೆಯುವ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದರು. ಬೆನ್ನ ಹಿಂದೆ ಕರೆದರೆ ಆಕೆಗೆ ಕೇಳಿಸಬೇಕಲ್ಲ! ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ, ಒಂದೇ ಸೂರಿನಡಿ ಇನ್ನೂರು ಮಗ್ಗ ಬಡಿದುಕೊಳ್ಳುವ ಕಡೆ ದುಡಿದ ಹೆಂಗಸು. ಅಲ್ಲಿ ಮಾತು ಕೇಳುವುದಕ್ಕಿಂತ ನೋಡುವುದೇ ಜಾಸ್ತಿ. ತುಟಿ ನೋಡಿ ತಿಳಿದುಕೊಳ್ಳಬೇಕು, ಉತ್ತರ ಕೊಡಲು ಗಂಟಲು ಹರಿಯುವ ಹಾಗೆ ಕೂಗಬೇಕು. ಕೆಲಸ ಬಿಡುವಾಗ ಗಿರಣಿಯವರು ಆಕೆಗೊಂದು ಗೋಡೆ ಗಡಿಯಾರ ಕೊಟ್ಟರು, ಕಿವಿಯನ್ನು ತಾವೇ ಇಟ್ಟುಕೊಂಡರು.

ಆಮೇಲೆ ಮನೆಯಲ್ಲಿ ಆಕೆ ಕಲಿತ ವಿದ್ಯೆ ಒಂದೇ, ತಲೆಯಾಡಿಸುವುದು. ಕೇಳಲಿ ಬಿಡಲಿ, ಹೂಂ ಅಂದುಬಿಟ್ಟರೆ ಎದುರಿನವರಿಗೂ ನೆಮ್ಮದಿ, ತನಗೂ ನೆಮ್ಮದಿ. ಈ ವಿದ್ಯೆಯ ಪುಣ್ಯದಿಂದ ಒಂದು ಸಲ ಎರಡು ಬೆಕ್ಕಿನ ಮರಿ ಮನೆ ಸೇರಿದವು, ಇನ್ನೊಂದು ಸಲ ಅಡುಗೆಮನೆಗೆ ನೇರಳೆ ಬಣ್ಣ ಬಳಿದಾಯಿತು. ಬುದ್ಧಿ ಮಾತ್ರ ಬರಲಿಲ್ಲ.

ಆಕೆಯ ಜೀವ ಎಂದರೆ ಮಗಳ ಮಗಳು. ಕಾಲೇಜಿನ ಹುಡುಗಿ, ಚುರುಕು, ಆದರೆ ಮಾತು ಉಗ್ಗುತ್ತಿತ್ತು. ಹೋದ ವರ್ಷ ಭಾಷಣಕ್ಕೆಂದು ಕಾಲೇಜಿನ ವೇದಿಕೆ ಹತ್ತಿದವಳು ಎರಡನೇ ಸಾಲಿಗೇ ತಡೆದು ನಿಂತಳು. ಸಭೆಯಲ್ಲಿ ಯಾರೋ ಶಿಳ್ಳೆ ಹೊಡೆದರು, ಅಳುತ್ತಾ ಕೆಳಗಿಳಿದಳು. ಈ ವರ್ಷ ಮತ್ತೆ ಹೆಸರು ಕೊಟ್ಟಿದ್ದಳು. "ಈ ಸಲಾನೂ ಹಾಗಾದ್ರೆ ಜನ್ಮದಲ್ಲಿ ಇನ್ನು ಮೈಕ್ ಮುಟ್ಟಲ್ಲ," ಎಂದು ಹೇಳಿಯೇ ಬೆಳಿಗ್ಗೆ ಹೊರಟಿದ್ದಳು. ಒಬ್ಬರಿಗೆ ಎರಡೇ ಪಾಸು. ಅವಳ ಅಪ್ಪ ಅಮ್ಮ ಜೊತೆಗೆ ಹೋದರು. ಉಳಿದವರು ಮನೆಯ ಟಿವಿಯಲ್ಲಿ ನೇರಪ್ರಸಾರ ನೋಡಬೇಕು. ಒಂದೇ ಸಲ, ಮತ್ತೆ ಹಾಕುವುದಿಲ್ಲ.

ಹನ್ನೊಂದು ಗಂಟೆಗೆ ಮೈಕಮ್ಮ ಸೋಫಾದ ಮೇಲೆ ಪಟ್ಟಾಗಿ ಕೂತಳು. ಕಿವಿಯಲ್ಲಿ ಹೊಸ ಶ್ರವಣಯಂತ್ರಗಳು, ಹಿಂದಿನ ದಿನವಷ್ಟೇ ಮೊಮ್ಮಗಳು ಸರಿಮಾಡಿ ಕೊಟ್ಟದ್ದು. ಅಬ್ಬಬ್ಬಾ, ಏನು ಶಬ್ದ! ಟಿವಿಯಲ್ಲಿ ಪ್ರಿನ್ಸಿಪಾಲರು ಕಾಗದ ಮಗುಚಿದ್ದೂ ಕೇಳುತ್ತಿತ್ತು. ಆದರೆ ಗಂಡ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಟಿವಿಯ ಹಿಂದೆ ತಲೆ ತೂರಿಸಿದ್ದ. ನಲವತ್ತು ವರ್ಷ ಊರಿನ ರೇಡಿಯೋ, ಟಿವಿ ರಿಪೇರಿ ಮಾಡಿದ ಮನುಷ್ಯ. ಮಗ ನೆಲದ ಮೇಲೆ ಅಂಗಾತ ಮಲಗಿ ಮೊಬೈಲಿನ ಬೆಳಕಲ್ಲಿ ವೈರು ಹುಡುಕುತ್ತಿದ್ದ.

ಸರಿಯಾಗಿರೋದನ್ನ ಬಿಚ್ಚದಿದ್ದರೆ ಈ ಮುದುಕನಿಗೆ ಉಂಡಿದ್ದು ಅರಗಲ್ಲ ಅಂದುಕೊಂಡಳು ಮೈಕಮ್ಮ. ಯಾಕೆ ಎಂದು ಕೇಳಲಿಲ್ಲ. ಜನ ಯಾಕೆ ಏನು ಮಾಡುತ್ತಾರೆ ಎಂದು ಕೇಳುವುದನ್ನು ಆಕೆ ಬಿಟ್ಟು ವರ್ಷಗಳಾಗಿದ್ದವು.

ಅಪ್ಪ ಮಗ ಮಾಡದ ಕಸರತ್ತಿಲ್ಲ. ವಾಲ್ಯೂಮು ನೂರಕ್ಕೆ ಏರಿಸಿದರು. ವೈರು ಕಿತ್ತು ಚುಚ್ಚಿದರು. ಒಳಗಿನಿಂದ ಹಳೇ ಸ್ಪೀಕರ್ ಡಬ್ಬ ತಂದು ಸಿಕ್ಕಿಸಿದರು. ಬೇರೆ ಚಾನೆಲ್ ಹಾಕಿದರು, ಅಲ್ಲೂ ಮೂಕ. ಕೊನೆಗೆ ಮಗ, "ಒಂದ್ಸಲ ಆಫ್ ಮಾಡಿ ಆನ್ ಮಾಡೋಣಪ್ಪ," ಅಂದ. ಮಾಡಿದ್ದೇ ತಪ್ಪಾಯಿತು. ಚಿತ್ರವೂ ಹೋಗಿ, ಒಂದು ಚಕ್ರ ಗಿರಗಿರ ಸುತ್ತುತ್ತಾ ಮೂರು ನಿಮಿಷ ಎಲ್ಲರ ಪ್ರಾಣ ಹಿಂಡಿತು.

"ಅಯ್ಯೋ ನಿಮ್ಮ ಕೈ ಸೇದಿಹೋಗ!" ಎಂದು ಮೈಕಮ್ಮ ಗುಡುಗಿದಳು. "ಮಗು ಮಾತು ತಪ್ಪಿಹೋದ್ರೆ ಇಬ್ಬರಿಗೂ ಊಟ ಇಲ್ಲ!"

ಚಿತ್ರ ಮರಳಿತು. ನಿರೂಪಕ ಏನೋ ತಮಾಷೆ ಹೇಳಿದ, ಆಕೆ ಕಿಲಕಿಲ ನಕ್ಕಳು.

ಮಗ ತಲೆಯೆತ್ತಿದ. "ಏನಮ್ಮಾ ನಗ್ತೀಯಾ?"

"ಪ್ರಿನ್ಸಿಪಾಲರ ಭಾಷಣ ಮುಗೀತು, ಈಗ ಎಚ್ಚರ ಆದವರು ಚಪ್ಪಾಳೆ ಹೊಡೀರಿ ಅಂದನಲ್ಲೋ!"

"ನಿಂಗೆ ಕೇಳಿಸ್ತಾ ಇದೆಯಾ?" ಎಂದು ಮಗ ಕೂಗಿದ. "ನಮಗೆ ಒಂದು ಚೂರೂ ಶಬ್ದ ಇಲ್ಲಮ್ಮಾ!"

ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನ ರಿಮೋಟಿನಲ್ಲಿ ಶಬ್ದ ಎಲ್ಲಿಗೆ ಹೋಗುತ್ತಿದೆ ಎಂದು ತೋರಿಸುವ ಪಟ್ಟಿ ತೆಗೆದ. ಟಿವಿ ಸ್ಪೀಕರ್ ಎಂದಿತ್ತು, ಹೊರಗಿನ ಸ್ಪೀಕರ್ ಎಂದಿತ್ತು, ಅದರ ಕೆಳಗೆ ಗುರುತು ಹಾಕಿಕೊಂಡು ಕೂತಿತ್ತು: ಅಜ್ಜಿ ಎಡ, ಅಜ್ಜಿ ಬಲ.

ಮೈಕಮ್ಮ ನಾಲಿಗೆ ಕಚ್ಚಿಕೊಂಡಳು. ನಿನ್ನೆ ಸಂಜೆ ಮೊಮ್ಮಗಳು ಕಾಲು ಗಂಟೆ ಏನೇನೋ ವಿವರಿಸಿದ್ದಳು. ಟಿವಿಯ ಶಬ್ದ ನೇರ ಕಿವಿಯ ಯಂತ್ರಕ್ಕೆ ಬರುವುದು ಹೇಗೆ, ಎಲ್ಲರಿಗೂ ಕೇಳಿಸಬೇಕಾದರೆ ಏನು ಒತ್ತಬೇಕು, ಎಲ್ಲ ಹೇಳಿದ್ದಿರಬೇಕು. ಆದರೆ ಆಗ ಯಂತ್ರ ಇದ್ದದ್ದು ಹುಡುಗಿಯ ಅಂಗೈಯಲ್ಲಿ! ಹುಡುಗಿ ಟಿವಿ ಕಡೆ ಮುಖ ಮಾಡಿ ಹೇಳಿದಳು, ಅಜ್ಜಿ ಹಿಂದೆ ಕೂತು ಮರ್ಯಾದೆಯಿಂದ ತಲೆಯಾಡಿಸಿದಳು.

ಯಜಮಾನ ಗುಂಡಿ ಒತ್ತಲು ಹೆಬ್ಬೆರಳು ಎತ್ತಿದ. ಅಷ್ಟರಲ್ಲಿ ತೆರೆಯ ಮೇಲೆ ಮೊಮ್ಮಗಳು ಬಂದು ನಿಂತಳು.

"ಮುಟ್ಟಬೇಡಿ ಅಪ್ಪಾ! ಮತ್ತೆ ಚಕ್ರ ಸುತ್ತಿದ್ರೆ ಮುಗೀತು ಕಥೆ," ಎಂದ ಮಗ. "ಅಮ್ಮಾ, ನೀನೇ ಹೇಳು. ಅವಳು ಹೇಳಿದ್ದನ್ನ ಹಾಗ್ಹಾಗೇ ಹೇಳು."

ವರ್ಷಗಟ್ಟಲೆ ಎಲ್ಲರ ತುಟಿ ನೋಡಿದವಳ ತುಟಿಯನ್ನು ಈಗ ಇಬ್ಬರು ಗಂಡಸರು ಪಿಳಿಪಿಳಿ ನೋಡುತ್ತಿದ್ದರು.

"ಎಲ್ಲರಿಗೂ ನಮಸ್ಕಾರ ಅಂದಳು!" ಎಂದು ಕೂಗಿದಳು. "ಹೋದ ವರ್ಷ ಇಲ್ಲಿಂದ ಓಡಿಹೋದವಳು ನಾನೇ ಅಂದಳು! ಜನ ನಗ್ತಿದ್ದಾರೆ, ಒಳ್ಳೇ ನಗು ಕಣ್ರೋ!"

ಆಮೇಲೆ ಹುಡುಗಿಯ ತುಟಿ ನಿಂತಿತು. ತೆರೆಯ ಮೇಲೆ ಏನೂ ಅಲುಗಲಿಲ್ಲ.

"ಏನಾಯ್ತಮ್ಮಾ? ನೆಟ್ ನಿಂತ್ಹೋಯ್ತಾ, ಮಾತು ನಿಂತ್ಹೋಯ್ತಾ?"

ಮೈಕಮ್ಮ ಕೈಯೆತ್ತಿ ತಡೆದಳು. ಕಿವಿಯಲ್ಲಿ ಸಭಾಂಗಣದ ಫ್ಯಾನು ತಿರುಗುತ್ತಿತ್ತು, ಯಾರೋ ಕೆಮ್ಮಿದರು. ಹುಡುಗಿಯ ಉಸಿರು ಕೇಳಿತು. ಆಮೇಲೆ ಮಾತು ಬಂತು.

"ಚಿಕ್ಕವಳಿದ್ದಾಗ ಎಲ್ಲರೂ ನನಗೆ ಸಹಾಯ ಮಾಡೋರು! ನಾನು ಶುರು ಮಾಡಿದ ಮಾತನ್ನ ಅವರೇ ಮುಗಿಸಿಬಿಡೋರು!" ಎಂದು ಮೈಕಮ್ಮ ಮಗನ ಮುಖಕ್ಕೇ ಅರಚಿದಳು. ಮಗ ನೆಲ ನೋಡಿದ, ಆ ಕೆಲಸದಲ್ಲಿ ಅವನೇ ಮುಂದಾಳು. "ಒಬ್ಬರು ಮಾತ್ರ ಮುಗಿಸ್ತಿರಲಿಲ್ಲ! ಅವರಿಗೆ ಕಿವಿ ಕೇಳಲ್ಲ! ನಾನು ಪೂರ್ತಿ ಹೇಳೋವರೆಗೂ ನನ್ನ ಬಾಯನ್ನೇ ನೋಡ್ತಾ ಕೂತಿರ್ತಿದ್ರು! ಎಷ್ಟು ಹೊತ್ತಾದರೂ ಸರಿ! ಪ್ರಪಂಚದಲ್ಲಿ ನನಗೆ ಅವಸರ ಇಲ್ಲದೆ ಮಾತಾಡೋಕೆ ಸಿಕ್ಕಿದ್ದು ಅವರೊಬ್ಬರೇ..."

ಆಕೆ ಯಾರ ವಿಷಯ ಎಂದು ಯೋಚಿಸದೆ ಕೂಗುತ್ತಿದ್ದಳು. ಈಗ ಹೊಳೆಯಿತು.

"ಮುಂದೆ? ಮುಂದೇನಂದಳು?" ಎಂದ ಯಜಮಾನ.

"ನನ್ನ ವಿಷ್ಯ ಕಣ್ರೀ," ಅಂದಳು. ಕಣ್ಣೀರು ಧಾರಾಳವಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಭಾಷಣ ಮುಗಿಯುವವರೆಗೂ ಒಂದಕ್ಷರ ಬಾಯಿಬಿಡಲಿಲ್ಲ. ಇಬ್ಬರೂ ಮುಂದೇನೆಂದು ಒತ್ತಾಯಿಸಲಿಲ್ಲ. ಯಜಮಾನ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟು ಆಕೆಯ ಪಕ್ಕ ಬಂದು ಕೂತ.

ತೆರೆಯ ಮೇಲೆ ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುವುದು ಕಾಣಿಸಿತು. ಮಗನಿಗೆ ತಡೆಯಲಾಗಲಿಲ್ಲ.

"ಮಧ್ಯೆ ಮಾತು ತಡೀತಾ ಅಮ್ಮಾ?"

"ಮೂರು ಸಲ."

"ಅಯ್ಯೋ. ಜನ ಏನು ಮಾಡಿದ್ರು?"

"ಕಾದ್ರು ಕಣೋ," ಅಂದಳು ಮೈಕಮ್ಮ. "ಮೂರು ಸಲಾನೂ, ಅಷ್ಟು ಜನಾನೂ, ಸುಮ್ಮನೆ ಕೂತು ಕಾದ್ರು."