ಒತ್ತಿದ್ದು, ಕೇಳಿದ್ದು, ಕೊಟ್ಟಿದ್ದು

ಹಳೇ ಕಾರು ನಾಳೆ ಬೇರೆಯವರ ಮನೆಗೆ ಹೋಗುತ್ತೆ. ಡ್ಯಾಶ್‌ಬೋರ್ಡ್ ಖಾಲಿ ಮಾಡ್ತಿದ್ದೆ. ಹಳೇ ಬಿಲ್ಲುಗಳು, ಒಣಗಿ ಗೋಲಿಯಾದ ನಿಂಬೆಹಣ್ಣು, ಒಂಟಿ ಕಿವಿಯೋಲೆ... ತಳದಲ್ಲಿ ಒಂದು ತಗಡಿನ ಡಬ್ಬಿ. ಮುಚ್ಚಳ ತೆಗೆದ ತಕ್ಷಣ ಲವಂಗದ ವಾಸನೆ ಮೂಗಿಗೆ ಹೊಡೀತು. ಒಳಗೆ ಬೆಂಕಿಪೊಟ್ಟಣದಷ್ಟು ನೀಲಿ ಡಾಂಗಲ್ಲು. ಸ್ಟೇರಿಂಗ್ ಕೆಳಗೆ, ಮೊಣಕಾಲು ತಾಗೋ ಜಾಗದಲ್ಲಿ ಒಂದು ಪೋರ್ಟ್ ಇರುತ್ತಲ್ಲ, ಅದಕ್ಕೆ ಚುಚ್ಚಿದ್ರೆ ಇಂಜಿನ್ ಒಳಗೆ ಏನ್ ನಡೀತಿದೆ ಅಂತ ಫೋನಲ್ಲಿ ಕಾಣುತ್ತೆ. ಡ್ರೈವರ್ ಸೀಟಲ್ಲಿ ಹಾಗೇ ಕೂತ್ಬಿಟ್ಟೆ ಕಣ್ರೀ.

ಅದನ್ನ ಕೊಟ್ಟೋರನ್ನ ಎಲ್ಲರೂ ಟ್ಯೂನಿಂಗ್ ಅಣ್ಣ ಅಂತಿದ್ರು. ಮಾದನಾಯಕನಹಳ್ಳಿ ಗೋಡೌನ್‌ಗಳ ಸಾಲಲ್ಲಿ ಒಂದು ಶೆಡ್ಡು. ಕಾರಿನ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿ, ಇಂಜಿನ್ನಿನ ಸಾಫ್ಟ್‌ವೇರ್ ತಿದ್ದಿ, ಪಿಕಪ್ ಜಾಸ್ತಿ ಮಾಡಿಕೊಡೋದು ಕಸುಬು. ವಿನಯ ಗಿನಯ ಏನೂ ಇರ್ಲಿಲ್ಲ. "ನನ್ ಕೈಗೆ ಸಿಕ್ರೆ ಎಮ್ಮೆನೂ ಓಡುತ್ತೆ" ಅಂತ ಕೊಚ್ಕೊಳ್ಳೋರು. ಹಲ್ಲುನೋವಿಗೆ ಅಂತ ಸದಾ ಬಾಯಲ್ಲಿ ಲವಂಗ. ಹಲ್ಲು ಕೀಳಿಸೋಕೆ ಮಾತ್ರ ಮಗು ಥರ ಹೆದರೋರು.

ನಾನು ಅಲ್ಲಿಗೆ ಹೋಗಿದ್ದು ಸಿಟ್ಟಲ್ಲಿ. ಅದಕ್ಕೆ ಮುಂಚೆ ಒಂದು ಭಾನುವಾರ ತುಮಕೂರು ರಸ್ತೇಲಿ ನಾನು ಓಡಿಸ್ತಿದ್ದೆ. ಯಜಮಾನ್ರು ಪಕ್ಕದಲ್ಲಿ, ಮಗಳು ಹಿಂದೆ. ಫ್ಲೈಓವರ್ ಏರಲ್ಲಿ ಲಾರಿ ಓವರ್‌ಟೇಕ್ ಮಾಡೋಣ ಅಂತ ಬಲಕ್ಕೆ ತಗೊಂಡೆ. ಅರ್ಧದಲ್ಲಿ ಕಾರಿಗೆ ಉಸಿರೇ ಹೋಯ್ತು. ಹಿಂದಿನ ಬಸ್ಸು ಬ್ರೇಕ್ ಹಾಕಿದ ಸದ್ದು ಈಗ್ಲೂ... ಬಿಡಿ. ಯಾರಿಗೂ ಏನೂ ಆಗ್ಲಿಲ್ಲ. ಮನೆಗೆ ಬಂದು ಯಜಮಾನ್ರು ಹೇಳಿದ್ದು ಒಂದೇ ಮಾತು: "ನೀನು ಹೆದರ್ಕೊಂಡು ಆಕ್ಸಿಲರೇಟರಿಂದ ಕಾಲು ತೆಗೆದೆ."

ಪೂರ್ತಿ ಒತ್ತಿದ್ದೆ ಅಂದ್ರೂ ನಂಬ್ಲಿಲ್ಲ. ಸರ್ವಿಸ್‌ನವರೂ ಗಾಡೀಲಿ ಏನೂ ಇಲ್ಲ ಅಂದ್ರು. ಕೀ ಯಜಮಾನ್ರ ಜೇಬಿಗೆ ಹೋಯ್ತು, ನಾನು ಪೀಣ್ಯದ ಆಫೀಸಿಗೆ ಬಸ್ಸಲ್ಲಿ. ಬಸ್ಸು ದೊಡ್ಡ ವಿಷ್ಯ ಅಲ್ಲ. ದಿನಾ ಕಂಬಿ ಹಿಡ್ಕೊಂಡು ನಿಂತು ಯೋಚ್ನೆ ಮಾಡಿ ಮಾಡಿ, ನಿಜವಾಗ್ಲೂ ಕಾಲು ತೆಗೆದ್ನೇನೋ ಅಂತ ನಂಗೇ ಅನುಮಾನ ಹುಟ್ತಲ್ಲ, ಅದು ಉರಿ.

ಪವರ್ ಜಾಸ್ತಿ ಮಾಡಿಸ್ಬಿಡೋಣ ಅಂತ ಒಂದಿನ ಬಸ್ಸಿಳಿದು ಸೀದಾ ಶೆಡ್ಡಿಗೆ ಹೋದೆ. ಕಥೆಯೆಲ್ಲ ಕೇಳಿದ್ರು. "ಅಂಗೆಲ್ಲ ಆಗಲ್ಲ ಅಕ್ಕ. ಗಾಡಿ ಜೊತೆ ಯಜಮಾನ್ರನ್ನೂ ಕರ್ಕೊಂಡ್ ಬನ್ನಿ. ಪಕ್ಕದ ಸೀಟಲ್ಲಿ ಕೂರೋರು ಬರ್ದೆ ನಾನು ಗಾಡಿ ಮುಟ್ಟಲ್ಲ." ಎಲ್ಲರಿಗೂ ಅದೇ ರೂಲ್ಸ್ ಅಂತೆ.

ಇವರು ಗೊಣಗಾಡ್ಕೊಂಡೇ ಬಂದ್ರು. ಅಣ್ಣ ನನ್ನ ಸ್ಟೇರಿಂಗ್ ಮುಂದೆ ಕೂರಿಸಿ, ಲ್ಯಾಪ್‌ಟಾಪ್ ಇವರ ತೊಡೆ ಮೇಲಿಟ್ಟು, ತಾವು ಹಿಂದೆ ಕೂತ್ರು. "ಸಾರ್, ಗೆರೆ ನೋಡ್ಕೊಂಡು ಕೂಗಿ ಹೇಳ್ತಿರಿ. ಇಲ್ದಿರೋ ಬ್ರೇಕ್ ಒತ್ಬೇಡಿ." ನಂಗೆ ನಗು ತಡೆಯೋಕೆ ಆಗ್ಲಿಲ್ಲ. ಇವರು ಪಕ್ಕದಲ್ಲಿ ಕೂತಾಗೆಲ್ಲ ಅದೇ ಮಾಡೋದು!

ಸ್ಕ್ರೀನಲ್ಲಿ ಮೂರು ಗೆರೆ. ಅಣ್ಣನೇ ಕನ್ನಡದಲ್ಲಿ ಹೆಸರು ಟೈಪ್ ಮಾಡಿದ್ರು. 'ಒತ್ತಿದ್ದು' ನನ್ನ ಕಾಲು. 'ಕೇಳಿದ್ದು' ಅಂದ್ರೆ ಇಂಜಿನ್ನು, ಅದಕ್ಕೆ ಗಾಳಿ ತುಂಬೋ ಟರ್ಬೋನ ಎಷ್ಟು ಗಾಳಿ ಕೇಳ್ತು ಅಂತ. 'ಕೊಟ್ಟಿದ್ದು' ಅಂದ್ರೆ ಸಿಕ್ಕಿದ್ದೆಷ್ಟು ಅಂತ.

ಅದೇ ಫ್ಲೈಓವರಿಗೆ ಹೋದ್ವಿ. ಕಾರು ಸಲೀಸಾಗಿ ಏರ್ಬಿಡ್ತು. ಇವರ ಮುಖದಲ್ಲಿ 'ನೋಡ್ದ್ಯಾ?' ಅನ್ನೋ ಗತ್ತು.

"ಇಂಜಿನ್ ಇನ್ನೂ ಬಿಸಿ ಆಗ್ಲಿ, ತಿರುಗಿಸಿ" ಅಂದ್ರು ಅಣ್ಣ. ಸುತ್ತಿ ಬಂದ್ವಿ, ಮತ್ತೆ ಸುತ್ತಿ ಬಂದ್ವಿ. ಅವರು ಹಿಂದೆ ತಿರುಗಿ ರಸ್ತೆ ನೋಡಿ, "ಯಾರೂ ಇಲ್ಲ. ಒತ್ತಕ್ಕಾ" ಅಂದ್ರು. ಒತ್ತಿದೆ.

"ಒತ್ತಿದ್ದು ನೂರು. ಕೇಳಿದ್ದು ಮೇಲೆ ಹೋಗ್ತಿದೆ. ಕೊಟ್ಟಿದ್ದು..." ಅಂತ ಇವರು ನಿಲ್ಲಿಸ್ಬಿಟ್ರು. ಕಾರು ಮುಕ್ಕರಿಸ್ತಿತ್ತು.

"ಓದಿ ಸಾರ್."

"ಬಿದ್ದೋಯ್ತು."

"ಅಕ್ಕನ ಕಾಲು?"

"...ನೂರಲ್ಲೇ ಇದೆ."

ಹಿಂದಿನ ಸೀಟಲ್ಲಿ ಲವಂಗ ಕಟುಂ ಅಂತ ಅಗಿದ ಸದ್ದು ಕೇಳಿಸ್ತು.

ಟರ್ಬೋ ಹತ್ರ ಒಂದು ರಬ್ಬರ್ ಪೈಪು ಸೀಳಿತ್ತು. ತಣ್ಣಗಿದ್ದಾಗ ಮುಚ್ಕೊಳ್ತಿತ್ತು, ಬಿಸಿಯಾಗಿ ಒತ್ತಡ ಬಿದ್ರೆ ಬಾಯಿ ಬಿಡ್ತಿತ್ತು. ನಾನು ಕಥೆ ಹೇಳ್ದಾಗ್ಲೇ ಅಣ್ಣನಿಗೆ ಡೌಟು ಬಂದಿತ್ತಂತೆ. ಅವತ್ತೇ ಹೇಳ್ಬಿಟ್ಟಿದ್ರೆ ನಮ್ಮನೆಯವರು ನಂಬ್ತಿರ್ಲಿಲ್ಲ ಬಿಡಿ. ಇವರ ಬಾಯಲ್ಲೇ ಓದಿಸಿದ್ರಲ್ಲ, ಆ ತಲೆಗೆ ನಾನು ಇವತ್ತಿಗೂ ಕೈ ಮುಗೀತೀನಿ.

ಪೈಪ್ ಬದಲಾಯಿಸಿದ್ಮೇಲೆ, ಪವರೂ ಜಾಸ್ತಿ ಮಾಡಿ ಅಂದೆ. ಕೊಚ್ಕೊಳ್ಳೋ ಆಸಾಮಿ ಬೇಡ ಅಂತ ತಲೆ ಆಡಿಸಿದ್ರು. "ಓಡ್ಸಿ ನೋಡಿ ಅಕ್ಕ. ಸಾಲ್ದು ಅನ್ಸಿದ್ರೆ ಬನ್ನಿ, ಎಮ್ಮೆ ಓಡಿಸೋಣ." ಲವಂಗದ ಡಬ್ಬಿ ಖಾಲಿ ಮಾಡಿ, ಈ ಡಾಂಗಲ್ ಹಾಕಿ ಕೊಟ್ರು. "ಇನ್ನೊಂದ್ ಸಲ ಯಾರಾದ್ರೂ ಕಾಲು ತೆಗೆದೆ ಅಂದ್ರೆ ತೋರ್ಸಿ."

ಇವರಿಗೆ ಸಾರಿ ಕೇಳೋ ಅಭ್ಯಾಸ ಇಲ್ಲ. ಕೀ ನನ್ನ ಕೈಗಿಟ್ಟು, ಸುಮ್ನೆ ಎಡಗಡೆ ಹೋಗಿ ಕೂತ್ರು.

ಆಮೇಲೆ ಕಾರು ಒಂದಿನಾನೂ ಕೈ ಕೊಡ್ಲಿಲ್ಲ. ಅದಕ್ಕೇ ನಾನು ಶೆಡ್ಡಿನ ಕಡೆ ಹೋಗ್ಲೇ ಇಲ್ಲ. ಕೆಟ್ಟ ಕೆಲ್ಸ ಮಾಡಿದೋರ ಹತ್ರ ಹತ್ತು ಸಲ ಹೋಗ್ತೀವಿ, ಒಳ್ಳೆ ಕೆಲ್ಸ ಮಾಡಿದೋರ ಮುಖ ಮರ್ತೇ ಹೋಗುತ್ತೆ.

ಇವತ್ತು ಡಬ್ಬಿ ಪಕ್ಕದ ಸೀಟಲ್ಲಿಟ್ಕೊಂಡು ಹೋದೆ. ಶೆಡ್ಡಿದ್ದ ಜಾಗದಲ್ಲಿ ಪಾರ್ಸೆಲ್ ಗೋಡೌನು. ಎದುರಿನ ಟೀ ಅಂಗಡಿ ಅಜ್ಜಿನ ಕೇಳಿದ್ರೆ, ಲೋಟ ತೊಳೀತಾ, "ತೀರ್ಕೊಂಬುಟ್ರಲ್ಲವ್ವಾ, ಹೋದ್ ವರ್ಸ" ಅಂದ್ರು. ಟೀ ಕುಡಿದು ಎದ್ದೆ.

ವಾಪಸ್ ಬರ್ತಾ ಅದೇ ಫ್ಲೈಓವರು. ಪೂರ್ತಿ ಒತ್ತಿದೆ. ಮುದಿ ಕಾರು ಕೇಳಿದ್ದಷ್ಟೂ ಕೊಡ್ತು. 'ಓದಿ ಸಾರ್' ಅನ್ನೋಕೆ ಮಾತ್ರ ಹಿಂದಿನ ಸೀಟಲ್ಲಿ ಯಾರೂ...