ಸದ್ದಿಲ್ಲದ ಸುರಗಿ

ಭಾನುವಾರ, ನವೆಂಬರ್ ೧೬, ಬೆಳಿಗ್ಗೆ ಒಂಬತ್ತೂ ನಲವತ್ತು. ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಲ್ಯಾಪ್‌ಟಾಪಿನ ಮುಂದೆ ಸೋದರತ್ತೆ ಕುರ್ಚಿ ಎಳೆದುಕೊಂಡು ಕೂತರು. ಔರಾದಿನಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಕನ್ನಡಕ ಒರೆಸಿಕೊಂಡು, ಸೆರಗು ಹೊದ್ದುಕೊಂಡು, ಗುಡಿಯಲ್ಲಿ ಕೂತವರ ಹಾಗೆ ಕೂತರು. ನಾನು ಅವರ ಮದುವೆಯ ವಿಡಿಯೊ ಹಚ್ಚಿದೆ. ಅಂಗಳ ಬಂತು, ಹಂದರ ಬಂತು, ಹಸಿರು ಸೀರೆಯ ನನ್ನ ಅಜ್ಜಿ ಬಂದರು. ಅಜ್ಜಿ ಬಾಯಿ ತೆರೆದರು. ಸದ್ದು ಬರಲಿಲ್ಲ.

"ಆವಾಜ್ ಜರಾ ಏರಸು," ಅಂದರು ಅತ್ತೆ.

ಏರಿಸಿದೆ. ಏರಿಸಲು ಇನ್ನೇನೂ ಉಳಿಯದಷ್ಟು ಏರಿಸಿದೆ. ಅಜ್ಜಿ ಹಾಡುತ್ತಲೇ ಇದ್ದರು, ನಮಗೆ ಫ್ಯಾನಿನ ಗರಗರವಷ್ಟೇ ಕೇಳುತ್ತಿತ್ತು.

ಅತ್ತೆ ಬಂದದ್ದು ಆ ಹಾಡಿಗಾಗಿ. ಅವರ ಮಗಳ ಮದುವೆ ಫೆಬ್ರವರಿಯಲ್ಲಿದೆ. ನಮ್ಮಲ್ಲಿ ಮದುವೆಯ ಮುಂಚೆ ಸುರಗಿ ಮಾಡುತ್ತೇವೆ. ಅಂಗಳದಲ್ಲಿ ನಾಲ್ಕು ಮೂಲೆಗೆ ನಾಲ್ಕು ತುಂಬಿದ ಕೊಡ ಇಟ್ಟು, ಕೊಡದಿಂದ ಕೊಡಕ್ಕೆ ಹಸಿನೂಲು ಸುತ್ತಿ, ಅದರ ನಡುವೆ ಅರಿಷಿಣ ಹಚ್ಚಿದ ಮದುಮಗಳನ್ನು ಕೂರಿಸಿ ನೀರು ಎರೆಯುತ್ತಾರೆ. ನೂಲು ಐದು ಸುತ್ತು ಬರಬೇಕು. ನಮ್ಮ ಮನೆತನದಲ್ಲಿ ಸುತ್ತಿಗೊಂದು ನುಡಿಯಂತೆ ಐದು ನುಡಿಯ ಹಾಡೊಂದಿದೆ, ಅದನ್ನು ಹೆತ್ತವಳೇ ಎತ್ತಬೇಕು. ಅಜ್ಜಿ ಅದನ್ನು ಎತ್ತಿದ್ದು ಒಂದೇ ಸಲ, ತನ್ನ ಒಬ್ಬಳೇ ಮಗಳ ಸುರಗಿಯಲ್ಲಿ. ಆ ಮಗಳು ನೂಲಿನ ನಡುವೆ ತಲೆ ತಗ್ಗಿಸಿ, ಕಣ್ಣಿಗೆ ಅರಿಷಿಣ ಇಳಿಯದಂತೆ ಮುಚ್ಚಿಕೊಂಡು ಕೂತಿದ್ದಳು. ಅತ್ತೆಗೆ ನೆನಪಿರುವುದು ಮೊದಲ ಸಾಲು ಮಾತ್ರ. ಮುಂದಿನ ವರ್ಷವೇ ಅಜ್ಜಿ ತೀರಿಕೊಂಡರು. ನಮ್ಮವ್ವ ಆ ಮನೆಗೆ ಸೊಸೆಯಾಗಿ ಬಂದದ್ದು ಅದರ ನಂತರ, ಹಾಗಾಗಿ ಅವಳಿಗೂ ಗೊತ್ತಿಲ್ಲ.

"ಮಂದಿ ಹಾಡಿದ ಹಾಡು ಮಂದೀದೇ," ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. "ನನ್ನ ಮಗಳ ತಲಿಮ್ಯಾಲ ನೀರು ಬೀಳೋ ಹೊತ್ತಿನ್ಯಾಗ ನಮ್ಮವ್ವನ ಹಾಡು ಇರಬೇಕು. ಇಲ್ಲಂದ್ರ ಸುಮ್ಮನ ಜಳಕಾ ಮಾಡಿಸಿದಂಗ."

ಹಾಡು ವಿಡಿಯೊದಲ್ಲಿದೆ ಎಂದು ಭರವಸೆ ಕೊಟ್ಟವಳು ನಾನು. ಕ್ಯಾಸೆಟ್ಟನ್ನು ಅಪ್ಪ ಎಂದೋ ಡಿವಿಡಿಗೆ ಹಾಕಿಸಿದ್ದ. ಡಿವಿಡಿಯಿಂದ ಲ್ಯಾಪ್‌ಟಾಪಿಗೆ ಇಳಿಸಿದವಳು ನಾನೇ. ಇಳಿಸಿದ ದಿನ ಮೊದಲ ಎರಡು ನಿಮಿಷ ಓಡಿಸಿ, ಶಹನಾಯಿ ಕೇಳಿ, 'ಚಿತ್ರ ಸರಿ, ಧ್ವನಿ ಸರಿ' ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಅತ್ತೆಯೂ ಆ ಕ್ಯಾಸೆಟ್ಟನ್ನು ನೋಡಿದ್ದು ಒಮ್ಮೆಯೇ. ಬಾಡಿಗೆಗೆ ವಿಸಿಆರ್ ತಂದು, ಓಣಿಯವರೆಲ್ಲ ಕೂಡಿ, 'ಅಗೋ ನಾನು, ಇಗೋ ನೀನು' ಎಂದು ಕೂಗಾಡುತ್ತ ನೋಡಿದ್ದಂತೆ. ಆದರೂ ಅಜ್ಜಿಯ ದನಿ ಅದರಲ್ಲಿ ಕೇಳಿದ ನೆನಪು ಅವರಿಗೆ ಚೆನ್ನಾಗಿತ್ತು.

ಏನೇ ಕೆಟ್ಟರೂ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು ನನ್ನ ಪದ್ಧತಿ. ಹಿಂದಿನ ಪುಟ ತಿರುವಿದರೆ, ವಿಡಿಯೊ ಇಳಿಸಿದ ಮೇಲೆ ಅದೇ ವಾರ ಲ್ಯಾಪ್‌ಟಾಪು ದೊಡ್ಡದೊಂದು ಅಪ್‌ಡೇಟ್ ಇಳಿಸಿಕೊಂಡು ಎರಡು ಸಲ ತಾನೇ ಬಂದಾಗಿ ಶುರುವಾದದ್ದು ಬರೆದಿತ್ತು. ಸ್ಪೀಕರ್ ಕೆಟ್ಟಿದೆಯೇ ನೋಡಿದೆ. ಇಲ್ಲ, ಬೇರೆ ವಿಡಿಯೊಗಳು ಮಾತಾಡುತ್ತಿದ್ದವು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಧ್ವನಿಯ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಫೈಲನ್ನು ಫೋನಿಗೆ ಹಾಕಿ ನೋಡಿದೆ, ಅಲ್ಲಿಯೂ ಮೌನ. ಅಪ್‌ಡೇಟನ್ನು ಹಿಂದಕ್ಕೆ ತಿರುಗಿಸಲು ಹೋದರೆ, ಆ ಗುಂಡಿಯೇ ಮಬ್ಬಾಗಿ ಒತ್ತಲು ಬಾರದಂತಾಗಿತ್ತು.

ಅತ್ತೆ ಪ್ರತಿ ಸಲವೂ ಕೇಳುವರು: "ಬಂತೇನು?"

"ಇನ್ನಾ ಇಲ್ರಿ ಅತ್ತಿ."

"ಅಲ್ಲ, ಮೊನ್ನಿ ತನಾ ಮಾತಾಡೋದು ಇವತ್ತ್ಯಾಕ ಮೂಕಾತು? ಯಾರರೆ ಏನರೆ ಅಂದ್ರೇನು ಅದಕ್ಕ?"

"ಹೊಸಾದು ಕಲಸ್ತೀನಂತ ಕಂಪನಿಯವ್ರು ಏನೋ ಕಳಿಸ್ಯಾರ್ರಿ. ಕಲಿಯೋ ಗಡಿಬಿಡಿಯೊಳಗ ಹಳೀದು ಮರ್ತದ."

"ನಮ್ಮ ಮನ್ಯಾಗ ನಿಮ್ಮ ಮಾಮಾಗ ಹಿಂಗೇ ಆಗ್ತದ," ಅಂದರು ಅತ್ತೆ. "ಹೊಸ ಫೋನ್ ತಗೊಂಡ್ರು, ಹೆಂಡ್ತಿ ಕರಿಯೋದು ಕೇಳಸೋದು ಬಂದಾತು."

ಸೋಮವಾರ ನಾನು ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಒಂದು ಗುಂಡಿ ಒತ್ತಿ ನಿಲ್ಲಿಸುವುದನ್ನೂ ಇನ್ನೊಂದು ಒತ್ತಿ ಹಿಂದಕ್ಕೆ ಎಳೆಯುವುದನ್ನೂ ಕಲಿತುಬಿಟ್ಟಿದ್ದರು. ಮೂಕ ವಿಡಿಯೊವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ನನ್ನನ್ನು ಕರೆದು ಪರದೆಯ ಮೇಲೆ ಬೆರಳಿಟ್ಟರು.

"ಇಲ್ಲಿ ನೋಡು. ಅವ್ವ ನೂಲು ಎಡಗೈಯಾಗ ಹಿಡದಾಳ. ಮೂಲಿ ಬಂದ ಕೂಡಲೇ ತಲಿ ಬಾಗಸ್ತಾಳ ನೋಡು, ಅಲ್ಲಿಗೆ ಸಾಲು ಮುಗೀತದ. ಹಿಂದ ನಿಂತಾಕಿ ಯಾರು ಗೊತ್ತೇನು? ಸಾಯಗಾಂವದ ದೊಡ್ಡವ್ವ. ಅವ್ವನ ಬಾಯಿ ಹ್ಯಾಂಗ ಆಡ್ತದ ಅಕೀದೂ ಹಂಗೇ ಆಡ್ತದ."

ಭಾಲ್ಕಿಯ ಹತ್ತಿರ ಸಾಯಗಾಂವದಲ್ಲಿರುವ ಆ ದೊಡ್ಡವ್ವ, ಅಜ್ಜಿಯ ದೊಡ್ಡಪ್ಪನ ಮಗಳು. ಅಂದು ಅಜ್ಜಿಯ ಜೊತೆ ಹಾಡಿದವರಲ್ಲಿ ಅವರೊಬ್ಬರೇ ಈಗ ಇದ್ದಾರೆ. ಅವರನ್ನು ಕೇಳಬಹುದಲ್ಲ ಎಂದೆ.

"ಕೇಳೀನಿ, ಫೋನ್ ಮಾಡಿ. 'ಎಲ್ಲಾ ಮರ್ತೀನವ್ವ, ಬಾಯಿಗಿ ಬರವಲ್ದು' ಅಂದ್ಳು."

ಅವರು ಹೇಳಿದ್ದನ್ನೆಲ್ಲ ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡೆ. ಧ್ವನಿ ಬಂದರೆ ಇದೆಲ್ಲದರ ಅಗತ್ಯವೇ ಇರುವುದಿಲ್ಲ ಎಂಬುದು ನನ್ನ ತಲೆಯಲ್ಲಿತ್ತು.

ಮಂಗಳವಾರ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಹಳೆಯ ಊರೊಳಗಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ವಿಡಿಯೊ ಹಚ್ಚಿ, ಕಿವಿ ಹತ್ತಿರ ತಂದು ನಕ್ಕರು. "ಬಹರಾ ನೈ ಹುವಾ ಬೇಟಾ, ಪುರಾನಿ ಬಾತ್ ಸಮಝನಾ ಛೋಡ್ ದಿಯಾ." ಆಮೇಲೆ ಕನ್ನಡಕ್ಕೆ ತಿರುಗಿದರು. "ಕಿವುಡ ಆಗಿಲ್ಲವಾ ಇದು, ಹಳೀ ಮಾತು ತಿಳಕೊಳ್ಳೋದು ಬಿಟ್ಟದ. ಡಿವಿಡಿ ಧ್ವನಿ ಒಂದು ಹಳೀ ನಮೂನಿ ಇರ್ತದ. ಅದನ್ನ ಬಿಡಿಸೋ ಕೊಡೆಕ್ ಮೊದ್ಲು ಇದರಾಗೇ ಇತ್ತು. ಅಪ್‌ಡೇಟ್ ಬಂದು ಒಯ್ತು. ಫೋನಿನ್ಯಾಗಂತೂ ಮೊದ್ಲಿಂದ್ಲೂ ಇರೂದಿಲ್ಲ. ಕೊಡೆಕ್ ತಾನೇ ಹೊತ್ಕೊಂಡು ಬರೋ ಬ್ಯಾರೆ ಪ್ಲೇಯರ್ ಸಿಗ್ತದ, ಪುಕ್ಕಟ. ಮನೀಗಿ ಹೋಗಿ ಹಾಕ್ಕೋ."

ಪ್ಲೇಯರ್ ಬದಲಿಸುವುದು ನನ್ನ ಸಾಲಿನಲ್ಲಿ ಮುಂದಿನದಾಗಿಯೇ ಇತ್ತು. ನಾನು ಡ್ರೈವರ್‌ಗಳಿಂದ ಶುರು ಮಾಡಿದ್ದೆ, ಅಷ್ಟೇ.

ಸಂಜೆ ಐದೂವರೆಗೆ ಹೊಸ ಪ್ಲೇಯರ್ ಇಳಿಯಿತು. ಅಪ್ಪನೂ ಅಂಗಿ ಬದಲಿಸದೆ ಬಂದು ಕೂತ. ಅತ್ತೆ ಮತ್ತೆ ಕನ್ನಡಕ ಒರೆಸಿಕೊಂಡರು. ಶಹನಾಯಿ ಕೇಳಿಸಿತು. ನಾನು ಚಪ್ಪಾಳೆ ತಟ್ಟಿದೆ. ನೇರ ಸುರಗಿಗೆ ಓಡಿಸಿದೆ. ಅಜ್ಜಿ ನೂಲು ಹಿಡಿದರು, ಬಾಯಿ ತೆರೆದರು. ಬಾಯಿಂದ ಹಿಂದಿ ಸಿನಿಮಾದ ಗಂಡಸೊಬ್ಬ ಪ್ರೇಮಗೀತೆ ಹಾಡಿದ.

ಹಿಂದಕ್ಕೆ ಎಳೆದೆ, ಮುಂದಕ್ಕೆ ಓಡಿಸಿದೆ. ಅರಿಷಿಣಕ್ಕೂ ಅದೇ, ಸುರಗಿಗೂ ಅದೇ, ಅಕ್ಷತೆಗೆ ಇನ್ನೊಂದು. ಇಡೀ ಮದುವೆಯಲ್ಲಿ ಅಲ್ಲಿ ನೆರೆದ ಒಬ್ಬರ ದನಿಯೂ ಇರಲಿಲ್ಲ. ಆ ಕಾಲದಲ್ಲಿ ವಿಡಿಯೊದವರು 'ಮಿಕ್ಸಿಂಗ್' ಎನ್ನುತ್ತಿದ್ದರಂತೆ. ಅಲ್ಲಿ ನಡೆದ ಸದ್ದನ್ನೆಲ್ಲ ಅಳಿಸಿ ಮೇಲೆ ಸಿನಿಮಾ ಹಾಡು ಕೂರಿಸುವುದು.

ಅಪ್ಪ ಮೆಲ್ಲಗೆ ಕೆಮ್ಮಿದ. "ಈ ಹಾಡು... ನಾನೇ ಹಾಕ್ಸಿದ್ದೆ."

ಅತ್ತೆ ತಿರುಗಿ ನೋಡಿದರು.

"ಹಾಡು ಹಾಕ್ಸಲಿಲ್ಲಂದ್ರ ಕ್ಯಾಸೆಟ್ಟಿಗಿ ಆವಾಗ ಕಿಮ್ಮತ್ತೇ ಇರ್ಲಿಲ್ಲವಾ. ತಂಗಿ ಮದಿವಿ, ಒಂದೂ ಕಮ್ಮಿ ಆಗಬಾರ್ದಂತ ವಿಡಿಯೊದವನ ಅಂಗಡ್ಯಾಗ ಕೂತು ಛಲೋ ಛಲೋ ಹಾಡು ಆರಸಿ ಕೊಟ್ಟಿದ್ದೆ."

"ಛಲೋ ಆರಸಿದ್ಯಪ್ಪಾ ಅಣ್ಣಾ," ಅಂದರು ಅತ್ತೆ. "ಹೆತ್ತವ್ವ ಸುರಗಿ ಸುತ್ತಲಾಕತ್ಯಾಳ, ಇವನ್ಯಾವನೋ ಕಾಲೇಜಿನ ಹುಡುಗಿ ಹಿಂದ ತಿರಗಲಾಕತ್ಯಾನ."

ಅಪ್ಪ ನಕ್ಕ. ಅತ್ತೆಯೂ ನಕ್ಕರು, ನಗುತ್ತಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಅಪ್ಪನ ನಗು ಅಲ್ಲಿಗೆ ನಿಂತಿತು. ಅವನು ಎದ್ದು ಹೋಗಿ ಅಂಗಳದ ನಳ ಬಿಟ್ಟು ಬಹಳ ಹೊತ್ತು ಕಾಲು ತೊಳೆದ.

ಮೂರು ದಿನ ಹುಡುಕಿ ತಂದ ಧ್ವನಿ ಪಡಸಾಲೆಯ ತುಂಬ ಕುಣಿಯುತ್ತಿತ್ತು. ಅತ್ತೆಯೇ ಹೇಳಿದರು.

"ಅದನ್ನ ಬಂದ್ ಮಾಡು. ಮೊದಲಿನಂಗ ಮಾಡು."

"ಯಾವುದರಿ?"

"ಮೂಕ ಇತ್ತಲ್ಲ, ಹಂಗ. ಆವಾಗ ಅವ್ವ ಹಾಡೋದು ತಿಳೀತಿತ್ತು."

ಧ್ವನಿ ತೆಗೆದೆ. ಪಡಸಾಲೆ ತಣ್ಣಗಾಯಿತು. ಅಜ್ಜಿ ಮೂಲೆಗೆ ಬಂದು ತಲೆ ಬಾಗಿಸಿದರು. ಆ ಬಾಗುವಿಕೆಯನ್ನು ನಾನು ಮನಸ್ಸಿಟ್ಟು ನೋಡಿದ್ದು ಆಗಲೇ. ಮೂರು ದಿನದಿಂದ ನನ್ನ ಕಣ್ಣು ಪರದೆಯ ಮೂಲೆಯಲ್ಲಿನ ಸ್ಪೀಕರ್ ಗುರುತಿನ ಮೇಲೆಯೇ ಇತ್ತು.

ಗುರುವಾರ ಅತ್ತೆ, ನಾನು, ಲ್ಯಾಪ್‌ಟಾಪು ಮೂವರೂ ಭಾಲ್ಕಿಗೆ ಹೋಗಿ, ಅಲ್ಲಿಂದ ಸಾಯಗಾಂವದ ಬಸ್ಸು ಹಿಡಿದೆವು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳಿತು. ಸಾಯಗಾಂವದ ದೊಡ್ಡವ್ವ ಬಿಸಿಲಿಗೆ ಕಂಬಳಿ ಹಾಸಿಕೊಂಡು ತೊಗರಿಬೇಳೆ ಆರಿಸುತ್ತಿದ್ದರು. ಅತ್ತೆಯನ್ನು ಕಂಡವರೇ, "ಹಾಡು ಕೇಳಾಕ ಬಂದಿದ್ರ ಹಂಗೇ ಚಹಾ ಕುಡದು ಹೋಗು. ಬಾಯಾಗ ಹಲ್ಲೂ ಇಲ್ಲ, ಹಾಡೂ ಇಲ್ಲ," ಅಂದರು.

ಅತ್ತೆ ಅವರ ಪಕ್ಕದಲ್ಲೇ ಕೂತರು. ಮೊರ ಸರಿಸಿ ಅವರ ಮುಂದೆ ಲ್ಯಾಪ್‌ಟಾಪು ಇಟ್ಟರು.

ದೊಡ್ಡವ್ವ ಮೊದಲು ತಮ್ಮನ್ನೇ ಗುರುತಿಸಲಿಲ್ಲ. ಗುರುತಿಸಿದ ಮೇಲೆ, "ಅಯ್ಯ ಶಿವನ, ಇಷ್ಟು ಕೂದಲ ಇದ್ವು ನನಗ!" ಎಂದು ಬಾಯಿ ಮುಚ್ಚಿಕೊಂಡರು. ಅಜ್ಜಿ ಮೊದಲ ಮೂಲೆ ದಾಟಿದರು. ದೊಡ್ಡವ್ವನ ಕೈ ಮೊರದ ಅಂಚು ಹಿಡಿದು ನಿಧಾನ ತಿರುಗಿತು. ಪರದೆಯ ಮೇಲಿನ ದೊಡ್ಡವ್ವನ ತುಟಿ ಆಡುತ್ತಿದ್ದಂತೆಯೇ ಕಂಬಳಿಯ ಮೇಲಿನ ದೊಡ್ಡವ್ವನ ತುಟಿಯೂ ಆಡಿತು. ಮೊದಲು ಬರೀ ಗುಂಯ್ ಎನ್ನುವ ಸದ್ದು, ಆಮೇಲೆ ಮಾತು:

ಒಂದು ಸುತ್ತಿನ ದಾರ ಒಡಹುಟ್ಟಿದಣ್ಣಗ
ತುಂಬೀದ ಕೊಡಕ ಕೈ ಹಚ್ಚೋ, ನನ ಮಗಳ
ನೆತ್ತೀಗಿ ನೀರ ಎರಿಯೋಣ

ಎರಡು ಸುತ್ತಿನ ದಾರ ಎತ್ತಿ ಆಡಿಸಿದಪ್ಪಗ
ಹೊಸ್ತಿಲದಾಗ ಯಾಕ ನಿಂತೀಯೋ, ನನ ಮಗಳ
ಹೊಳಿಯೂವ ಮಾರಿ ನೋಡ ಬಾ

ಮೂರನೆಯದು ಓಣಿಯ ಹೆಣ್ಣುಮಕ್ಕಳಿಗೆ. ನಾಲ್ಕನೆಯದು ಹಿತ್ತಲ ಬೇವಿನ ಮರಕ್ಕೆ. ನಿಂತಲ್ಲಿ ಹಿಂದಕ್ಕೆ ಎಳೆದು, ಮತ್ತೆ ಓಡಿಸಿ, ಮಧ್ಯಾಹ್ನದೊಳಗೆ ನಾಲ್ಕೂ ನುಡಿ ಬರೆದುಕೊಂಡೆ. ಐದನೆಯ ಸುತ್ತಿಗೆ ಅಜ್ಜಿ ನೂಲು ಎತ್ತಿದರು. ಅಷ್ಟರಲ್ಲಿ ಹೊರಗೆ ಬೀಗರ ಜೀಪು ಬಂದಿರಬೇಕು. ಕ್ಯಾಮೆರಾ ತಟ್ಟನೆ ತಿರುಗಿ ಬಾಗಿಲಿಗೆ ಓಡಿತು. ಪೇಟಾ ಸುತ್ತಿದ ಗಂಡಸರು ಒಬ್ಬೊಬ್ಬರಾಗಿ ಇಳಿದರು, ಮೀಸೆ ತೀಡಿಕೊಂಡರು. ಮತ್ತೆ ಅಂಗಳಕ್ಕೆ ಮರಳುವಷ್ಟರಲ್ಲಿ ನೂಲು ಬಿಚ್ಚಿತ್ತು, ಅತ್ತೆ ಒದ್ದೆ ಸೀರೆಯಲ್ಲಿ ನಡುಗುತ್ತಿದ್ದರು.

ದೊಡ್ಡವ್ವನ ಕೈಯೂ ಅಲ್ಲಿಗೇ ನಿಂತಿತು. "ಮುಂದ ಬರವಲ್ದವ್ವ. ಅಕಿ ಕಂಡ್ರ ಬರ್ತಿತ್ತು."

"ಐದನೇದು ಯಾರಿಗಿತ್ತು, ಅಷ್ಟರೆ ನೆನಪದೇನು?" ಅತ್ತೆ ಕೇಳಿದರು. "ಹೆತ್ತವ್ವಗ ಇತ್ತೇನು?"

"ಅವ್ವಗರೆ ಇರಬೇಕು, ಇಲ್ಲಾ ಬೀಗರಿಗರೆ ಇರಬೇಕು. ಬೀಗರ ನುಡಿ ಅಂದ್ರ ಬೈಗಳು ಇರ್ತಾವ, ಅವು ನಾ ಮರಿಯಾಕಿ ಅಲ್ಲ." ದೊಡ್ಡವ್ವ ಮೊರದಿಂದ ಒಂದು ಹರಳು ಹೆಕ್ಕಿ ಎಸೆದು, "ಅವ್ವಂದೇ ಇರಬೇಕು," ಅಂದರು.

ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ತಲೆ ಆನಿಸಿ ನಾಲ್ಕೂ ನುಡಿಯನ್ನು ಗುನುಗಿದರು. ಎಡಗೈ ಹೆಬ್ಬೆರಳು ತೋರುಬೆರಳಿನ ನಡುವೆ ಇಲ್ಲದ ನೂಲು ಹಿಡಿದಿದ್ದರು. ಅವರ ದನಿ ಅಜ್ಜಿಯ ದನಿಯ ಹಾಗಿದೆಯೇ ಎಂದು ಕೇಳಬೇಕೆನಿಸಿತು. ಅದನ್ನು ಹೇಳಬಲ್ಲ ಅಪ್ಪ ಆ ಬಸ್ಸಿನಲ್ಲಿರಲಿಲ್ಲ. ಐದನೆಯ ನುಡಿ ನಾವೇ ಕಟ್ಟೋಣವೇ ಎಂದರೆ ಬೇಡವೆಂದರು. "ಸಿಗಲಿಲ್ಲಂದ್ರ ಐದನೇ ಸುತ್ತು ಬಾಯಿ ಮುಚ್ಚಿ ಸುತ್ತತೇನಿ. ಮಗಳು ಕೇಳಿದ್ರ, ಇಲ್ಲಿ ನಿಮ್ಮಾಯಿ, ನಮ್ಮವ್ವ, ಹಾಡ್ಲಾಕತ್ಯಾಳ, ನಮಗ ಕೇಳಸವಲ್ದು ಅಂತ ಹೇಳ್ತೇನಿ."

ಹೊಸ ಪ್ಲೇಯರನ್ನು ನಾನು ತೆಗೆದಿಲ್ಲ. ಆದರೆ ಆ ಫೈಲನ್ನು ಧ್ವನಿಯಿಲ್ಲದೆಯೇ ಇನ್ನೊಂದು ಪ್ರತಿ ಮಾಡಿ ಅತ್ತೆಯ ಫೋನಿಗೆ ಹಾಕಿದ್ದೇನೆ. ಯಾವ ಅಪ್‌ಡೇಟ್ ಬಂದರೂ ಅದರಲ್ಲಿ ಕೆಡುವಂಥದ್ದು ಏನೂ ಉಳಿದಿಲ್ಲ.

ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ಸುರಗಿಗೆ ಸುತ್ತಿಗೊಂದು ನುಡಿ ಎತ್ತುವ ಈ ಹಾಡನ್ನು ಕೇಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಬೇವಿನ ಮರದ ನುಡಿ ಮುಗಿದ ಮೇಲೆ ಏನು ಬರುತ್ತದೆ ಎಂದು ದಯವಿಟ್ಟು ಬರೆದು ತಿಳಿಸಿ. ಒಂದೇ ಸಾಲು ನೆನಪಿದ್ದರೂ ಸಾಕು. ಫೆಬ್ರವರಿಯ ಮೊದಲು ತಿಳಿಸಿದರೆ ಔರಾದಿನ ಒಂದು ಅಂಗಳದಲ್ಲಿ ಅದು ಕೇಳಿಸುತ್ತದೆ.